ಹೊಲಕ್ಕೆ ಹೊರಡುವ ಮುನ್ನ ಮುಖಕ್ಕೊಂದು ಕಾಪು

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ನಾವು ಬಿಸಿಲಲ್ಲೇ ಬೆಳೆದವರು. ಚರ್ಮಕ್ಕೆ ಕಾಪು ಬೇಕೆಂದರೆ ನಗುತ್ತೇವೆ. ಆದರೆ ಗದ್ವಾಲ್ ಸೀಮೆಯ ಬೀಜದ ಹತ್ತಿ ಹೊಲಗಳನ್ನು ನೋಡಿರಿ. ಮಧ್ಯಾಹ್ನದ ಮೇಲೆ ಮೊಗ್ಗು ಬಿಡಿಸಬೇಕು, ಮರುದಿನ ಬೆಳಿಗ್ಗೆ ಹೂವಿಗೆ ಪರಾಗ ಮುಟ್ಟಿಸಬೇಕು. ಹೆಣ್ಣುಮಕ್ಕಳು ವಾರಗಟ್ಟಲೆ ಬಿಸಿಲಲ್ಲೇ ನಿಲ್ಲುತ್ತಾರೆ. ಕೆನ್ನೆಯ ಮೇಲೆ ಬಂಗು ಎದ್ದಾಗ ಅಂಗಡಿಯಿಂದ ಬಿಳುಪಿನ ಕ್ರೀಮು ಬರುತ್ತದೆ. ಇಂಥ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ತಿಳಿಯಾಗುತ್ತದೆ, ಬರುಬರುತ್ತಾ ಚರ್ಮ ತೆಳುವಾಗಿ ಉರಿಯತೊಡಗುತ್ತದೆ. ವೈದ್ಯರನ್ನು ಕೇಳದೆ ಹಚ್ಚಲೇಬಾರದು.

ಬಂಗಿಗೆ ಬಸಿರೂ ಒಂದು ಕಾರಣ. ಅದನ್ನು ಗಾಢವಾಗಿಸುವುದು ಬಿಸಿಲು. ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲು ಕಠಿಣ, ತೆಳು ಮೋಡ ಅದನ್ನು ತಡೆಯದು. ಬಟ್ಟೆಯೇ ನಮ್ಮ ಮೊದಲ ಔಷಧ. ತಲೆಗೆ ಸುತ್ತುವ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಆಚೆಯದು ಕಂಡರೆ ಬಿಸಿಲೂ ತೂರುತ್ತದೆ. ಒತ್ತು ನೇಯ್ಗೆಯ ನೂಲಿನ ಬಟ್ಟೆ, ತುಂಬುತೋಳಿನ ಅಂಗಿ ಒಳ್ಳೆಯದು.

ಸನ್‌ಸ್ಕ್ರೀನ್ ಕೊಳ್ಳುವವರು ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು ಮುಖ ತೊಳೆದು, ಹೊರಡುವ 20 ನಿಮಿಷ ಮುಂಚೆ ಹಚ್ಚಲಿ. 2 ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಕೂಲಿಯವರಿಗೆ ಇದು ದುಬಾರಿಯೇ. ಆದ್ದರಿಂದ ಮುಖ, ಕುತ್ತಿಗೆಗಷ್ಟೇ ಸಾಕು, ಉಳಿದುದನ್ನು ಬಟ್ಟೆ ಮುಚ್ಚಲಿ. ಹೊಲದಲ್ಲಿ ಮತ್ತೆ ಹಚ್ಚುವಾಗ, ಔಷಧಿ ಹೊಡೆದ ಗಿಡ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದೇ ಮುಖ ಮುಟ್ಟಿರಿ.