ಒಪ್ಪಿಗೆಯ ವ್ಯಾಪ್ತಿ: ವೈಯಕ್ತಿಕ ಮಾಹಿತಿ ಪಡೆಯುವ ವ್ಯಾಪಾರ ಸಂಸ್ಥೆಗಳ ಹೊಣೆ

(ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಹಾಗೂ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಅಧ್ಯಯನಕ್ಕಾಗಿ)

ಔಷಧ ಅಂಗಡಿಯಲ್ಲಿ ಗ್ರಾಹಕರೊಬ್ಬರು ರಸೀದಿ ಕಳುಹಿಸಲೆಂದು ತಮ್ಮ ಮೊಬೈಲ್ ಸಂಖ್ಯೆಯನ್ನು ತಾವಾಗಿಯೇ ನೀಡುತ್ತಾರೆ. ಅಂಗಡಿಯವರು ಆ ಸಂಖ್ಯೆಗೆ ರಸೀದಿ ಕಳುಹಿಸಬಹುದು. ಅದನ್ನೇ ಸಾಲ ನೀಡುವ ಸಂಸ್ಥೆಯೊಂದಕ್ಕೆ ಹಸ್ತಾಂತರಿಸಲು ಅವರಿಗೆ ಅಧಿಕಾರವಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ತಿರುಳು ಇಷ್ಟೇ: ಒಂದು ಉದ್ದೇಶಕ್ಕೆ ಕೊಟ್ಟ ಮಾಹಿತಿ ಮತ್ತೊಂದಕ್ಕೆ ಸಲ್ಲದು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅಧಿನಿಯಮದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿದ್ದು, ಸಂಸ್ಥೆಗಳ ಪ್ರಧಾನ ಹೊಣೆಗಳು ಹದಿನೆಂಟು ತಿಂಗಳ ಬಳಿಕ ಜಾರಿಗೆ ಬರುತ್ತವೆ.

ಪ್ರಕರಣ 6ರಂತೆ ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ಷರತ್ತುರಹಿತವೂ ಆಗಿರಬೇಕು. ವಿಷಯವನ್ನು ತಿಳಿದು, ಸ್ಪಷ್ಟ ಕ್ರಿಯೆಯ ಮೂಲಕ ನೀಡಿದ್ದಾಗಿರಬೇಕು. ಮೌನವು ಸಮ್ಮತಿಯಲ್ಲ. ಉದ್ದೇಶಕ್ಕೆ ಅಗತ್ಯವಾದಷ್ಟು ಮಾಹಿತಿಗೆ ಮಾತ್ರ ಆ ಒಪ್ಪಿಗೆ ಅನ್ವಯಿಸುತ್ತದೆ. ಅಧಿನಿಯಮವೇ ನೀಡಿರುವ ದೃಷ್ಟಾಂತವನ್ನು ನೋಡಿ: ದೂರವೈದ್ಯಕೀಯ ಆ್ಯಪ್ ಒಂದು ಚಿಕಿತ್ಸೆಗಾಗಿ ಮಾಹಿತಿ ಬಳಸಲೂ, ಫೋನಿನ ಸಂಪರ್ಕ ಪಟ್ಟಿ ನೋಡಲೂ ಒಟ್ಟಿಗೆ ಅನುಮತಿ ಕೇಳುತ್ತದೆ. ಬಳಕೆದಾರರು ಎರಡಕ್ಕೂ ಸಮ್ಮತಿಸಿದರೂ ಸಂಪರ್ಕ ಪಟ್ಟಿಯ ಮಟ್ಟಿಗೆ ಅದು ಒಪ್ಪಿಗೆಯೆನಿಸದು.

ನಮ್ಮ ಗ್ರಾಮಗಳಿಗೆ ಇದಕ್ಕಿಂತ ಮುಖ್ಯವಾದುದು ಭಾಷೆಯ ಅಂಶ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಾಗಲಿ, ಎಂಟನೆಯ ಅನುಸೂಚಿಯ 22 ಭಾಷೆಗಳ ಪೈಕಿ ಯಾವುದರಲ್ಲಾಗಲಿ ಓದುವ ಆಯ್ಕೆ ವ್ಯಕ್ತಿಗಿರಬೇಕು. ಕನ್ನಡ ಅದರಲ್ಲಿದೆ. (ತುಳು, ಕೊಡವ ಭಾಷೆಗಳು ಆ ಅನುಸೂಚಿಯಲ್ಲಿಲ್ಲದಿರುವುದು ಇಲ್ಲಿಯೂ ಕೊರತೆಯೇ.) ಓದಲು ಬಾರದ ಸದಸ್ಯೆಯಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುನ್ನ ಉದ್ದೇಶವನ್ನು ಓದಿ ಹೇಳದಿದ್ದರೆ, ಅದನ್ನು ತಿಳಿದು ನೀಡಿದ ಒಪ್ಪಿಗೆ ಎನ್ನುವುದು ಕಷ್ಟ. ವಿವಾದ ಉಂಟಾದಾಗ, ಸೂಚನೆ ನೀಡಿ ಒಪ್ಪಿಗೆ ಪಡೆದೆವೆಂದು ರುಜುವಾತುಪಡಿಸುವ ಭಾರ ಸಂಸ್ಥೆಯದು.

ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವ ಅವಕಾಶವಿರತಕ್ಕದ್ದು. 18 ವರ್ಷದೊಳಗಿನವರ ಮಾಹಿತಿಗೆ ತಂದೆ ಅಥವಾ ತಾಯಿಯ, ಇಲ್ಲವೇ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು; ಟ್ಯೂಷನ್ ಕೇಂದ್ರಗಳು ಇದನ್ನು ವಿಶೇಷವಾಗಿ ಗಮನಿಸುವುದು. ಕೇವಲ ಕಾಗದದಲ್ಲಿ ಉಳಿಯುವ ಉದ್ರಿ ಪುಸ್ತಕಕ್ಕೆ ಅಧಿನಿಯಮ ಅನ್ವಯಿಸದು. ಅದನ್ನು ಕಂಪ್ಯೂಟರಿಗೆ ಏರಿಸಿದೊಡನೆ ಅನ್ವಯಿಸುತ್ತದೆ.

ಉಲ್ಲಂಘನೆಗೆ ದಂಡವು 250 ಕೋಟಿ ರೂಪಾಯಿಗಳವರೆಗೂ ಇರಬಹುದು. ಆದರೆ ಆ ಹಣ ಭಾರತದ ಸಂಚಿತ ನಿಧಿಗೆ ಸೇರುತ್ತದೆ. ನೊಂದವರಿಗೆ ಪರಿಹಾರ ಕೊಡಿಸುವ ಉಪಬಂಧ ಈ ಅಧಿನಿಯಮದಲ್ಲಿಲ್ಲ. ಆದುದರಿಂದ ಆಧಾರ್ ಪ್ರತಿ ಕೇಳಿದಾಗಲೇ "ಯಾವುದಕ್ಕೆ?" ಎಂದು ಪ್ರಶ್ನಿಸುವ ರೂಢಿಯನ್ನು ಸಂಘದ ಸಭೆಗಳಲ್ಲಿ ಬೆಳೆಸುವುದು ಸೂಕ್ತ. ದೂರನ್ನು ಮೊದಲು ಸಂಸ್ಥೆಗೇ ಸಲ್ಲಿಸಬೇಕು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಭಾರತೀಯ ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಲ್ಲಿಸಬಹುದು.