ಗಾಡಿ ಯಾಕೆ ನಿಂತಿತು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕು ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಹಳೇ ಮೊಪೆಡ್ ಕಾಣುತ್ತದೆ. ಕಂಪನಿ ಯಾವುದೇ ಇರಲಿ, ಜನ ಅದನ್ನು ಟಿವಿಎಸ್ ಎಂದೇ ಕರೆಯುತ್ತಾರೆ. ಟಿವಿಎಸ್ 50 ಎಂಬ ಗಾಡಿ ಬಂದದ್ದು 1980ರಲ್ಲಿ. ಅಂದಿನಿಂದ ಹುಲ್ಲಿನ ಹೊರೆ, ಗೊಬ್ಬರದ ಚೀಲ, ಹಾಲಿನ ಕ್ಯಾನು ಎಲ್ಲವೂ ಮೊಪೆಡ್ ಮೇಲೆಯೇ. ಹೊರದೇಶದ ರೈತರು ಹೊಲ ಗುಡ್ಡ ಸುತ್ತಲು ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ ಇಟ್ಟುಕೊಳ್ಳುತ್ತಾರೆ. ನಮ್ಮ ಬದುವಿನ ದಾರಿಯಲ್ಲಿ ಆ ಕೆಲಸ ಮಾಡೋದು ಈ ಎರಡು ಚಕ್ರದ್ದು.

ಇಂಥ ಗಾಡಿ ಬೆಳಿಗ್ಗೆ ಚಾಲೂ ಆಗದಿದ್ದರೆ ಏನಾಗುತ್ತದೆ? ಡೈರಿಯಲ್ಲಿ ಹಾಲು ಅಳೆಯುವ ಹೊತ್ತು ಮೀರುತ್ತದೆ. ಆ ಹೊತ್ತಿನ ಹಾಲಿನ ದುಡ್ಡು ಹೋಯಿತು. ಮೇಲೆ ಮೆಕ್ಯಾನಿಕ್ ಖರ್ಚು ಬೇರೆ. ಆದರೆ ಎಷ್ಟೋ ಸಲ ಗಾಡಿ ನಿಲ್ಲುವುದು ಒಂದು ಚೂರು ಕಸಕ್ಕೆ, ಒಂದು ಹನಿ ನೀರಿಗೆ. ಅದನ್ನು ನೀವೇ ಕಂಡುಹಿಡಿಯಬಹುದು.

ಕಾರ್ಬೊರೇಟರ್ ಎಂದರೇನು?

ಒಲೆ ಉರಿಯಲು ಸೌದೆ ಬೇಕು, ಗಾಳಿ ಬೇಕು, ಕಿಡಿ ಬೇಕು. ಇಂಜಿನ್ನಿಗೂ ಅಷ್ಟೇ. ಸೌದೆಯ ಬದಲು ಪೆಟ್ರೋಲ್. ಕಿಡಿ ಕೊಡುವುದು ಪ್ಲಗ್. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್ನಿಗೆ ಕೊಡುವುದು ಕಾರ್ಬೊರೇಟರ್. 1 ಕಿಲೋ ಪೆಟ್ರೋಲ್ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಕಪ್ಪು ಹೊಗೆ. ಪೆಟ್ರೋಲ್ ಕಡಿಮೆಯಾದರೆ ಗಾಡಿ ಎಳೆಯೋದಿಲ್ಲ, ನಿಲ್ಲುತ್ತದೆ.

ಕಾರ್ಬೊರೇಟರಿನ ಕೆಳಗೆ ಒಂದು ಪುಟ್ಟ ಬಟ್ಟಲು ಇದೆ. ಅದರಲ್ಲಿ ಪೆಟ್ರೋಲ್ ನಿಲ್ಲುತ್ತದೆ. ಮೇಲೆ ಒಂದು ಫ್ಲೋಟ್ ತೇಲುತ್ತದೆ. ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ನೋಡಿದ್ದೀರಲ್ಲ, ಹಾಗೆಯೇ. ಬಟ್ಟಲು ತುಂಬಿದರೆ ಫ್ಲೋಟ್ ಮೇಲೆದ್ದು ಪೆಟ್ರೋಲ್ ಬರುವ ತೂತನ್ನು ಮುಚ್ಚಿಸುತ್ತದೆ. ಬಟ್ಟಲಿನಿಂದ ಪೆಟ್ರೋಲ್ ಮೇಲೇರುವುದು ಹಿತ್ತಾಳೆಯ ಜೆಟ್ ಮೂಲಕ. ಜೆಟ್ಟಿನ ತೂತು ಬಹಳ ಸಣ್ಣದು. ಕಸ ಕಟ್ಟುವುದು ಹೆಚ್ಚಾಗಿ ಅಲ್ಲೇ.

2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಂತು. ಅದರಂತೆ ಬಂದ ಟಿವಿಎಸ್ ಮೊಪೆಡ್‌ನಲ್ಲಿ ಕಾರ್ಬೊರೇಟರ್ ಇಲ್ಲ. ಈ ಪಾಠ ಅದಕ್ಕೆ ಮುಂಚಿನ ಗಾಡಿಗಳಿಗೆ.

ಕೈ ಹಾಕುವ ಮುಂಚೆ

ಗಾಡಿಯನ್ನು ಬಯಲಿಗೆ ತನ್ನಿ. ಅಡುಗೆಮನೆ ಪಕ್ಕ ಬೇಡ, ನೀರೊಲೆ ಹತ್ತಿರ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲದ ಮೇಲೇ ಹರಿದು ಒಲೆ ಮುಟ್ಟುತ್ತದೆ. ಇಂಜಿನ್ ತಣ್ಣಗಾಗಲಿ. ಬೀಡಿ ಸೇದುವವರು ದೂರ ಹೋಗಲಿ, ಅವರು ಮನೆಯ ಯಜಮಾನರೇ ಆಗಿದ್ದರೂ!

ಪೈಪಿಗೆ ಬಾಯಿ ಇಟ್ಟು ಪೆಟ್ರೋಲ್ ಎಳೆಯಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಇಡಬೇಡಿ. ಮಗು ನೀರು ಅಂತ ಕುಡಿದುಬಿಡುತ್ತದೆ. ಕುಡಿದರೆ ವಾಂತಿ ಮಾಡಿಸಬಾರದು. ಕೂಡಲೇ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಒಯ್ಯಿರಿ.

ಪೆಟ್ರೋಲ್ ಬಂದ ದಾರಿ ಹಿಡಿಯಿರಿ

ಟ್ಯಾಂಕಿನಿಂದ ಶುರು ಮಾಡಿ. ಪೆಟ್ರೋಲ್ ಇದೆಯಾ? ನಲ್ಲಿ ತೆರೆದಿದೆಯಾ? ನಗಬೇಡಿ. ನಲ್ಲಿ ತಿರುಗಿಸಲು ಮರೆತು ಗಾಡಿ ತಳ್ಳಿಕೊಂಡು ಹೋದವರು ಪ್ರತಿ ಊರಲ್ಲೂ ಇದ್ದಾರೆ.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಸಣ್ಣ ದಾರಿ ಇರುತ್ತದೆ. ಅದು ಮಣ್ಣಿನಿಂದ ಮುಚ್ಚಿದರೆ ಪೆಟ್ರೋಲ್ ಇಳಿಯುವುದಿಲ್ಲ. ಗಾಡಿ ಸ್ವಲ್ಪ ದೂರ ಚೆನ್ನಾಗಿ ಓಡಿ ನಿಲ್ಲುತ್ತದೆ. ಮುಚ್ಚಳ ಬಿಚ್ಚಿ ಹಾಕಿದರೆ ಮತ್ತೆ ಓಡುತ್ತದೆ. ಹೀಗೆ ಆದರೆ ಮುಚ್ಚಳವನ್ನು ಶುಚಿ ಮಾಡಿ, ಸಾಕು.

ಈಗ ಕಾರ್ಬೊರೇಟರಿಗೆ ಬರುವ ಪೈಪನ್ನು ಬಿಡಿಸಿ. ಅದರ ತುದಿಯನ್ನು ಗಾಜಿನ ಬಾಟಲಿಯಲ್ಲಿ ಇಟ್ಟು ನಲ್ಲಿ ತೆರೆಯಿರಿ. ಸಣ್ಣ ಧಾರೆಯಾಗಿ ಬಂದರೆ ಸರಿ. ತೊಟ್ಟಿಕ್ಕಿದರೆ ನಲ್ಲಿಯ ಜಾಲರಿಯಲ್ಲೋ ಪೈಪಿನಲ್ಲೋ ಕಸ ಇದೆ. ಆಗ ಕಾರ್ಬೊರೇಟರ್ ಬಿಚ್ಚುವುದೇ ಬೇಡ. ಬಾಟಲಿಯನ್ನು ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಹೊನ್ನಾಳಿ, ನ್ಯಾಮತಿ ಕಡೆ ಮಳೆಗಾಲದಲ್ಲಿ ಗಾಡಿ ಅಂಗಳದಲ್ಲೇ ನೆನೆಯುತ್ತದಲ್ಲ, ಅಲ್ಲಿ ಇದನ್ನು ಮೊದಲು ನೋಡಿ.

ಈಗಿನ ಪೆಟ್ರೋಲಿನಲ್ಲಿ 100 ಪಾಲಿಗೆ 20 ಪಾಲಿನವರೆಗೂ ಎಥನಾಲ್ ಇರುತ್ತದೆ. ಎಥನಾಲ್ ಎಂದರೆ ಕಬ್ಬು, ಅಕ್ಕಿ, ಮೆಕ್ಕೆಜೋಳದಿಂದ ತೆಗೆದ ಸ್ಪಿರಿಟ್. ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಹಳೇ ಗಾಡಿಯ ರಬ್ಬರ್ ಪೈಪು ಅದರಿಂದ ಉಬ್ಬಬಹುದು, ಬಿರಿಯಬಹುದು. ಪೈಪನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ಬದಲಾಯಿಸಿ.

ಪೈಪಿನಲ್ಲಿ ಪೆಟ್ರೋಲ್ ಸರಿಯಾಗಿ ಬಂದರೂ ಗಾಡಿ ಎದ್ದೇಳದಿದ್ದರೆ ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ಒಣಗಿದ್ದರೆ ಇಂಜಿನ್ನಿಗೆ ಪೆಟ್ರೋಲ್ ಹೋಗುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲಾ ಕಿಡಿ ಬರುತ್ತಿಲ್ಲ. ಒಣ ಮಸಿ ಹಿಡಿದಿದ್ದರೆ ಗಾಳಿ ಸಾಲುತ್ತಿಲ್ಲ.

ಜಗಳೂರಿನ ಧೂಳು, ಚನ್ನಗಿರಿಯ ತೋಟ

ಜಗಳೂರು ಬಯಲುಸೀಮೆ. ಬೇಸಿಗೆಯಲ್ಲಿ ಹೊಲದ ದಾರಿಯ ಧೂಳೆಲ್ಲ ಏರ್ ಫಿಲ್ಟರಿಗೆ ಹೋಗುತ್ತದೆ. ಫಿಲ್ಟರ್ ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಸ್ವಲ್ಪ ಇಂಜಿನ್ ಆಯಿಲ್ ಹಚ್ಚಿ, ಹಿಂಡಿ, ಮತ್ತೆ ಹಾಕಿ. ಕಾಗದದ್ದಾದರೆ ತೊಳೆಯಬಾರದು, ತಟ್ಟಿ ಧೂಳು ಕೊಡವಿ. ‘ಫಿಲ್ಟರ್ ತೆಗೆದುಬಿಟ್ರೆ ಚೆನ್ನಾಗಿ ಎಳೆಯುತ್ತೆ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಧೂಳು ನೇರವಾಗಿ ಇಂಜಿನ್ ಒಳಗೆ ಹೋಗಿ ಪಿಸ್ಟನ್ ಸವೆಯುತ್ತದೆ. ಆ ಖರ್ಚು ದೊಡ್ಡದು.

ಚನ್ನಗಿರಿ ಕಡೆ ಅಡಿಕೆ ತೋಟದ ಮನೆಯಲ್ಲಿ ಗಾಡಿ ತಿಂಗಳುಗಟ್ಟಲೆ ನಿಂತಿರುವುದುಂಟು. ಬಟ್ಟಲಿನ ಪೆಟ್ರೋಲ್ ಆರಿಹೋಗಿ ಅಂಟು ಉಳಿಯುತ್ತದೆ. ಆಯಿಲ್ ಬೆರೆಸಿ ಓಡಿಸುವ ಹಳೇ ಗಾಡಿಯಲ್ಲಿ ಅಂಟು ಇನ್ನೂ ಹೆಚ್ಚು. ಅದು ಜೆಟ್ಟನ್ನು ಮುಚ್ಚುತ್ತದೆ. ಗಾಡಿ ಬಹಳ ದಿನ ನಿಲ್ಲಿಸುವುದಾದರೆ ನಲ್ಲಿ ಮುಚ್ಚಿ, ಅದಾಗಿಯೇ ಆರುವ ತನಕ ಇಂಜಿನ್ ಓಡಿಸಿ. ಬಟ್ಟಲು ಖಾಲಿಯಾಗುತ್ತದೆ.

ಜೆಟ್ ಕಟ್ಟಿರುವುದನ್ನು ಚೋಕ್ ಹೇಳುತ್ತದೆ. ಚೋಕ್ ಹಾಕಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚು ಹೋಗುತ್ತದೆ. ತಣ್ಣನೆಯ ಇಂಜಿನ್ನಿಗೆ ಅದು ಬೇಕು. ಆದರೆ ಇಂಜಿನ್ ಬಿಸಿಯಾದ ಮೇಲೂ ಚೋಕ್ ಹಾಕಿದರೆ ಮಾತ್ರ ಓಡುವುದು, ತೆಗೆದರೆ ನಿಲ್ಲುವುದು ಆದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ತಿಳಿಯಿರಿ. ಜೆಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ತೂತು ದುಂಡಗೆ ಕಾಣಬೇಕು. ಕಾಣದಿದ್ದರೆ ಸ್ವಲ್ಪ ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ತಂತಿ, ಪಿನ್ನು, ಸೂಜಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾಗುತ್ತದೆ. ಆಮೇಲೆ ಗಾಡಿ ಓಡುತ್ತದೆ, ಆದರೆ ಪೆಟ್ರೋಲ್ ಕುಡಿಯುತ್ತದೆ.

ಕಾರ್ಬೊರೇಟರಿನಿಂದ ಪೆಟ್ರೋಲ್ ಸೋರಿದರೆ? ತೂತು ಮುಚ್ಚುವ ಸೂಜಿಯ ಬಾಯಲ್ಲಿ ಕಸ ಸಿಕ್ಕಿದೆ, ಇಲ್ಲಾ ಫ್ಲೋಟ್ ಒಡೆದಿದೆ. ಫ್ಲೋಟ್ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕಿದ ಸದ್ದು ಬಂದರೆ ಪೆಟ್ರೋಲ್ ಹೊಕ್ಕಿದೆ. ಅದು ಮುಳುಗುತ್ತದೆ, ತೇಲುವುದಿಲ್ಲ. ಹೊಸದು ಹಾಕಿಸಬೇಕು. ಸೋರುವ ಗಾಡಿಯನ್ನು ರಾತ್ರಿ ಮನೆಯೊಳಗೆ ನಿಲ್ಲಿಸಬೇಡಿ.

ಮೆಕ್ಯಾನಿಕ್ ಹತ್ತಿರ

ಬಿಚ್ಚಲು ಧೈರ್ಯ ಬಾರದಿದ್ದರೆ ಬೇಡ. ನೋಡಿದ್ದನ್ನು ಹೇಳಿದರೂ ಅರ್ಧ ಕೆಲಸ ಆದಂತೆ.

“ಅಕ್ಕಾ, ಕಾರ್ಬೊರೇಟರ್ ಹೋಗಿದೆ. ಹೊಸದೇ ಹಾಕ್ಬೇಕು.”

“ಪೈಪಲ್ಲಿ ಪೆಟ್ರೋಲ್ ಸರಿಯಾಗಿ ಬರ್ತದಣ್ಣ. ಪ್ಲಗ್ ಒಣಗಿತ್ತು. ಚೋಕ್ ಹಾಕಿದ್ರೆ ಓಡ್ತದೆ. ಜೆಟ್ ಬಿಚ್ಚಿ ನೋಡಿದ್ಯಾ?”

“ಇನ್ನೂ ಇಲ್ಲಕ್ಕ.”

“ಮೊದ್ಲು ಅದನ್ನ ತೊಳಿ. ಆಮೇಲೂ ಆಗ್ಲಿಲ್ಲ ಅಂದ್ರೆ ಹೊಸದು ಹಾಕು. ಹಳೇದು ಮಾತ್ರ ನನ್ ಕೈಗೆ ಕೊಡ್ಬೇಕು.”

ಓದಿ, ಉತ್ತರ ಬರೆಯಿರಿ

ಗಾಡಿ ಒಂದು ಮೈಲಿ ಓಡಿ ನಿಂತಿತು. ಮುಚ್ಚಳ ತೆಗೆದು ಹಾಕಿದಾಗ ಮತ್ತೆ ಓಡಿತು. ತೊಂದರೆ ಎಲ್ಲಿದೆ?

ಪ್ಲಗ್ಗಿಗೆ ಒಣ ಮಸಿ ಹಿಡಿದಿದೆ. ಹೊಗೆ ಕಪ್ಪಾಗಿದೆ. ಮೊದಲು ಏನನ್ನು ಬಿಚ್ಚಿ ನೋಡುತ್ತೀರಿ?

ನಿಮ್ಮ ಮನೆಯಲ್ಲಿ ಪೆಟ್ರೋಲ್ ಯಾವುದರಲ್ಲಿ ಇಟ್ಟಿದ್ದಾರೆ? ಎಲ್ಲಿ ಇಟ್ಟಿದ್ದಾರೆ? ಇವತ್ತೇ ನೋಡಿ ಬರೆಯಿರಿ.