ಕೊನೆಯ ಬೈಕ್ ಬಂದ ಮೇಲೆ ಇದ್ದಿಲು ಹೊತ್ತಲಿ

ಮಳೆ ಹಿಂದೆ ಸರಿದು ರಸ್ತೆ ಒಣಗುತ್ತಿದ್ದಂತೆ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯಿಂದ ಬೈಕ್ ಬಳಗಗಳ ಪತ್ರಗಳು ಬರತೊಡಗಿವೆ. ಹಗಲೆಲ್ಲ ಸವಾರಿ, ಸಂಜೆ ಬಾರ್ಬೆಕ್ಯೂ ಎಂಬ ಕಾರ್ಯಕ್ರಮದ ಕುರಿತ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಪಾಳಾದಿಂದ ಹೊರಟು ಮುಂಡಗೋಡ, ಯಲ್ಲಾಪುರ, ಹಳಿಯಾಳದ ಮೇಲೆ ದಾಂಡೇಲಿಗೆ ಹೋಗಿ, ಸಂಜೆ ಪಾಳಾದ ತೋಟದಲ್ಲಿ ಊಟಕ್ಕೆ ಸೇರಬೇಕೆಂದಿದ್ದೇವೆ. ಬುಲೆಟ್‌ನವರು ಮುಂದೆ ಹೋಗಿಬಿಡುತ್ತಾರೆ, ಸ್ಪ್ಲೆಂಡರ್‌ನವರು ಹಿಂದೆ ಉಳಿಯುತ್ತಾರೆ. ಏನು ಮಾಡೋಣ?
*ಓದುಗರು, ಪಾಳಾ*

ಉತ್ತರ: ಸ್ಪ್ಲೆಂಡರ್ ಆರಾಮವಾಗಿ ಓಡುವ ವೇಗವೇ ಗುಂಪಿನ ವೇಗವಾಗಲಿ. ಮುಂದಾಳುವಿನ ಬೆನ್ನಿಗೇ ನಿಧಾನದ ಬೈಕುಗಳನ್ನು ಇಡಿ. ಮುಂದಿನವರು ಒಂದು ತಿರುವಿನಲ್ಲಿ ತುಸು ನಿಧಾನಿಸಿದರೂ ಹಿಂದೆ ಹೋಗುತ್ತಾ ಬೈಕುಗಳ ನಡುವಿನ ಅಂತರ ಬೆಳೆಯುತ್ತದೆ, ಅದನ್ನು ತುಂಬಲು ಕೊನೆಯವರು ಜೀವ ಒತ್ತೆಯಿಟ್ಟು ಓಡಿಸಬೇಕಾಗುತ್ತದೆ. ಹೊಸಬರು ಬೀಳುವುದು ಹೆಚ್ಚಾಗಿ ಇಲ್ಲಿಯೇ.

ಐದರಿಂದ ಏಳು ಬೈಕುಗಳ ತಂಡ ಮಾಡಿ. ನೇರ ರಸ್ತೆಯಲ್ಲಿ ಒಬ್ಬರು ಎಡಕ್ಕೆ, ಮುಂದಿನವರು ಬಲಕ್ಕೆ ಎಂಬಂತೆ ಓರೆಯಾಗಿ ಸಾಗಿ. ನಿಮ್ಮ ನೇರ ಮುಂದಿರುವ ಬೈಕಿಗೂ ನಿಮಗೂ ಎರಡು ಸೆಕೆಂಡ್ ಅಂತರವಿರಲಿ. ತಿರುವು ಬಂದಾಗ ಒಂದೇ ಸಾಲು. ಕೂಡುರಸ್ತೆಯಲ್ಲಿ ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಾಣುವವರೆಗೆ ನಿಂತು, ದಾರಿ ತೋರಿಸಿ ಮುಂದೆ ಹೋಗಲಿ. ಪಂಕ್ಚರ್ ಸಾಮಾನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎರಡೂ ಕೊನೆಯ ಸವಾರನ ಬಳಿ ಇರಬೇಕು. ಬಳಗದ ಅತ್ಯಂತ ಅನುಭವಿ ಅಲ್ಲಿರಲಿ, ಮುಂದೆ ಅಲ್ಲ.

ಪ್ರಶ್ನೆ: ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರಿನ ಮೇಲೇ ಗೋವಿನಜೋಳ ಒಣಹಾಕುತ್ತಾರೆ. ಕಬ್ಬಿನ ಟ್ರ್ಯಾಕ್ಟರ್‌ಗಳ ಕಾಟ ಬೇರೆ. ಎಚ್ಚರ ಹೇಗೆ?
*ಓದುಗರು, ಹಳಿಯಾಳ*

ಉತ್ತರ: ಒಣಗಿದ ಕಾಳು ಟೈರಿನಡಿ ಉರುಳುತ್ತದೆ. ಅದರ ಮೇಲೆ ಹೋಗಲೇಬೇಕಾದರೆ ಮೊದಲೇ ವೇಗ ಇಳಿಸಿ, ಬೈಕ್ ನೆಟ್ಟಗಿಟ್ಟು, ಮುಂದಿನ ಬ್ರೇಕ್ ಮುಟ್ಟದೆ ದಾಟಿ. ಕಾಳಿಗಿಂತ ಅಪಾಯ ಅದರ ಅಂಚಿನ ಕಲ್ಲು. ವಾಹನಗಳು ಹತ್ತದಿರಲೆಂದು ಸಾಲಾಗಿ ಇಟ್ಟ ಕಲ್ಲುಗಳು ಸಂಜೆ ಜೋಳ ಬಳಿದುಕೊಂಡು ಹೋದ ಮೇಲೂ ಕೆಲವೊಮ್ಮೆ ಅಲ್ಲೇ ಉಳಿದಿರುತ್ತವೆ. ಕಂಡ ಕೂಡಲೇ ಮುಂದಿನ ಸವಾರ ಕಾಲು ಚಾಚಿ ಸನ್ನೆ ಮಾಡಲಿ. ಹಿಂದಿನವರಿಗಾಗಿ ಆ ಕಲ್ಲನ್ನು ಬದಿಗೆ ಸರಿಸಿ ಹೋದರೆ ಇನ್ನೂ ಒಳ್ಳೆಯದು. ರೈತರೊಂದಿಗೆ ಜಗಳ ಬೇಡ, ಎಷ್ಟೋ ಜನರಿಗೆ ಬೇರೆ ಕಣವಿಲ್ಲ.

ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರಿಗೆ ಹಿಂಬದಿ ದೀಪವೇ ಇಲ್ಲದಿರಬಹುದು, ಗಳಗಳು ಹೊರಚಾಚಿರುತ್ತವೆ. ಆದ್ದರಿಂದ ಹೊತ್ತು ಮುಳುಗುವ ಮುನ್ನ ಊಟದ ಜಾಗ ಮುಟ್ಟುವಂತೆ ಬೆಳಗಿನ ಹೊರಡುವ ಸಮಯ ಗೊತ್ತುಮಾಡಿ.

ಪ್ರಶ್ನೆ: ಅಪ್ಪನ ಕಾಲದ ಯೆಜ್ಡಿ ಇದೆ. ಅಣಶಿ ಘಟ್ಟ ಇಳಿಸಬಹುದೇ?
*ಓದುಗರು, ಜೋಯಿಡಾ*

ಉತ್ತರ: ಧಾರಾಳವಾಗಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ, ಅಲ್ಲಿ ತಯಾರಾದ ಬೈಕುಗಳನ್ನು ಮಕ್ಕಳಂತೆ ನೋಡಿಕೊಳ್ಳುವವರು ಕರ್ನಾಟಕದ ತುಂಬ ಇದ್ದಾರೆ. ನೆನಪಿಡಬೇಕಾದ್ದು ಇಷ್ಟೆ: ಈ ಟೂ ಸ್ಟ್ರೋಕ್ ಎಂಜಿನ್‌ಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೆ. ಥ್ರಾಟಲ್ ಮುಚ್ಚಿ, ಗೇರಿನಲ್ಲೇ ಉದ್ದಕ್ಕೂ ಇಳಿದರೆ ಚಕ್ರ ಎಂಜಿನ್ ತಿರುಗಿಸುತ್ತಿರುತ್ತದೆ, ಆದರೆ ಎಣ್ಣೆ ಸಾಲದೆ ಪಿಸ್ಟನ್ ಹಿಡಿಯಬಹುದು. ಆಗಾಗ ಕ್ಲಚ್ ಹಿಡಿದು ಥ್ರಾಟಲ್ ತುಸು ಕೊಡಿ. ಬ್ರೇಕ್ ತಣಿಯಲು ನಡುವೆ ನಿಲ್ಲಿಸಿ. ಪೆಟ್ರೋಲಿಗೆ ಬೆರೆಸುವ 2ಟಿ ಎಣ್ಣೆಯನ್ನು ಅಳತೆ ಗೆರೆಯ ಬಾಟಲಿಯಲ್ಲಿ ಜೊತೆಗೇ ಒಯ್ಯಿರಿ, ಬಂಕಿನಲ್ಲಿ ಸಿಗುತ್ತದೆಂದು ನಂಬಬೇಡಿ.

ಪ್ರಶ್ನೆ: ಕಾಳಿ ದಂಡೆಯಲ್ಲೇ ಬಾರ್ಬೆಕ್ಯೂ ಮಾಡಿದರೆ ತಪ್ಪೇನು? ಬೆಂಕಿ ಆರಿಸಿಯೇ ಬರುತ್ತೇವೆ.
*ಓದುಗರು, ದಾಂಡೇಲಿ*

ಉತ್ತರ: ದಯವಿಟ್ಟು ಮಾಡಬೇಡಿ. ಸುತ್ತ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು, ಉರಿಯುವ ಬೆಂಕಿ ಬಿಟ್ಟು ಬರುವುದು ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೇಸಿಗೆ ಹತ್ತಿರವಾದಂತೆ ಸಾಗವಾನಿಯ ಒಣ ಎಲೆ ನೆಲ ಮುಚ್ಚಿರುತ್ತದೆ, ಒಂದು ಕಿಡಿ ಸಾಕು. ಇನ್ನೊಂದು ಮಾತು: ಗಣೇಶಗುಡಿಯ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ನೀರು ಬಿಟ್ಟಾಗ, ಆಕಾಶದಲ್ಲಿ ಮೋಡವಿಲ್ಲದಿದ್ದರೂ ಕೆಳಗೆ ಹೊಳೆ ಏರುತ್ತದೆ. ಒಲೆ ಹೂಡಿದ ಬಂಡೆಯೇ ನಡುಗಡ್ಡೆಯಾದೀತು.

ಮನೆಯಂಗಳ, ತೋಟದ ಬಯಲು, ಅನುಮತಿ ಇರುವ ಹೋಮ್‌ಸ್ಟೇ ಆರಿಸಿ. ಹುಲ್ಲಿನ ಬಣವೆಯಿಂದ ದೂರವಿರಿ. ಮುಗಿದ ಮೇಲೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಬೂದಿಯ ಮೇಲೆ ಕೈಯ ಹಿಂಭಾಗ ಹಿಡಿದಾಗ ಬಿಸಿ ತಾಗಬಾರದು.

ಪ್ರಶ್ನೆ: ಪ್ರತಿಸಲ ಕೋಳಿ ಹೊರಗೆ ಕರಕಲು, ಒಳಗೆ ಹಸಿ. ಶಾಕಾಹಾರಿ ಗೆಳೆಯರಿಗೆ ಬರೀ ಸೌತೆಕಾಯಿ. ದಾರಿ ತೋರಿಸಿ.
*ಓದುಗರು, ಮುಂಡಗೋಡ*

ಉತ್ತರ: ಅವಸರವೇ ಕಾರಣ. ಕೊನೆಯ ಬೈಕ್ ಬಂದ ಮೇಲೆ ಇದ್ದಿಲು ಹೊತ್ತಿಸಿ. ಸೀಮೆಎಣ್ಣೆ, ಪೆಟ್ರೋಲ್ ಸುರಿಯಲೇಬೇಡಿ. ಜ್ವಾಲೆ ಅಡಗಿ, ಕೆಂಡದ ಮೇಲೆ ಬಿಳಿ ಬೂದಿ ಕೂರಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಎಲ್ಲರೂ ಕೈಕಾಲು ತೊಳೆದು ಕೋಕಂ ಪಾನಕ ಕುಡಿಯಲಿ. ಕೆಂಡವನ್ನು ಒಂದು ಬದಿಗೆ ದಟ್ಟವಾಗಿ, ಇನ್ನೊಂದು ಬದಿಗೆ ತೆಳುವಾಗಿ ಹರಡಿ. ಕಾಲಿನ ತುಂಡಿಗೆ ಮೂಳೆವರೆಗೆ ಸೀಳು ಹಾಕಿ, ತೆಳು ಬದಿಯಲ್ಲಿ ನಿಧಾನ ಬೇಯಿಸಿ, ಕೊನೆಗೆ ದಟ್ಟ ಕೆಂಡದ ಮೇಲೆ ಬಣ್ಣ ಬರಿಸಿ. ಮೂಳೆಯ ಬಳಿ ಚುಚ್ಚಿದಾಗ ಕೆಂಪು ನೀರು ಬಂದರೆ ಮತ್ತೆ ಒಲೆಗೆ. ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ಸೆಲ್ಸಿಯಸ್ ಬರಬೇಕು. ಮಸಾಲೆ ಹಚ್ಚಿದ ಮಾಂಸವನ್ನು ಹಗಲೆಲ್ಲ ಬೈಕಿನಲ್ಲಿ ಹೊತ್ತು ತಿರುಗಬೇಡಿ, ಊಟದ ಜಾಗದಲ್ಲೇ ಫ್ರಿಜ್‌ನಲ್ಲಿಡಿ.

ಶಾಕಾಹಾರಿಗಳಿಗೆ ಬೇರೆಯೇ ಒಲೆ, ಜಾಲರಿ, ಇಕ್ಕಳ ಇರಲಿ, ಅವರ ಊಟವನ್ನು ಮೊದಲು ಬಡಿಸಿ. ಎಳೆ ಗೋವಿನಜೋಳದ ತೆನೆ, ಸಿಹಿಗೆಣಸು, ಗುಂಡು ಬದನೆಕಾಯಿ ಇಲ್ಲೇ ಸಿಗುತ್ತವೆ. ಜೋಯಿಡಾದ ಕುಣಬಿ ರೈತರು ಬೆಳೆಯುವ ಗೆಡ್ಡೆಗಳನ್ನು ಬೇಯಿಸಿ, ಹೋಳು ಮಾಡಿ, ಉಪ್ಪುಖಾರ ಸವರಿ ಸುಟ್ಟರೆ ಕೋಳಿ ತಿನ್ನುವವರೂ ಈ ಒಲೆಯತ್ತ ಬರುತ್ತಾರೆ.

ಪ್ರಶ್ನೆ: ನನ್ನ ಮಗ ಇಂಥ ಬಳಗದಲ್ಲಿದ್ದಾನೆ. "ಒಂದು ಬಿಯರಿನಿಂದ ಏನೂ ಆಗಲ್ಲಮ್ಮ" ಅನ್ನುತ್ತಾನೆ. ಅವನು ಬರುವವರೆಗೆ ನನಗೆ ನಿದ್ದೆಯಿಲ್ಲ.
*ಒಬ್ಬ ತಾಯಿ, ಮುಂಡಗೋಡ*

ಉತ್ತರ: ನಿಮ್ಮ ಆತಂಕ ಸರಿಯಾದದ್ದೇ ಅಮ್ಮ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಾಂಶವಿದ್ದು ವಾಹನ ಓಡಿಸಿದರೆ, ಮೊದಲ ಸಲವೇ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹಗಲೆಲ್ಲ ಬಿಸಿಲುಗಾಳಿಗೆ ದಣಿದ ಮೈ, ಕತ್ತಲ ರಸ್ತೆ, ಅಡ್ಡ ಬರುವ ದನ, ಇವುಗಳ ಜೊತೆ ಒಂದು ಬಿಯರೂ ಹೆಚ್ಚೇ.

ಬಳಗದವರಿಗೆ ನನ್ನ ಮಾತು: ಕುಡಿಯುವವರು ಲೋಟ ಮುಟ್ಟುವ ಮುಂಚೆ ಕೀಲಿ ಒಪ್ಪಿಸಿ, ರಾತ್ರಿ ಅಲ್ಲೇ ಮಲಗಲಿ. ಯಾರು ಉಳಿಯುತ್ತಾರೆ, ಯಾರು ಹೊರಡುತ್ತಾರೆ ಎಂಬ ಪಟ್ಟಿ ಬೆಳಿಗ್ಗೆಯೇ ಆಗಲಿ, ಹಾಸಿಗೆಯೂ ಸಿದ್ಧವಿರಲಿ. ಹೊರಡುವವರು ಇಬ್ಬಿಬ್ಬರಾಗಿ ಹೋಗಿ, ಮನೆ ಮುಟ್ಟಿ ಫೋನ್ ಮಾಡಲಿ. ಕೊನೆಯ ಫೋನ್ ಬರುವವರೆಗೆ ಮುಂದಾಳು ಎಚ್ಚರವಿರಬೇಕು. ನೀವು ಮಗನಿಂದ ಆ ಮುಂದಾಳುವಿನ ನಂಬರ್ ಈಗಲೇ ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವ ಬಳಗವಾದರೆ, ಅವರೊಂದಿಗೆ ಕಳಿಸಬೇಡಿ.